ಕಾಮಣಿ ಬಿಡದ ಮಗುವಿನ ವಿಷಯ

ಮಾನ್ಯ ಓದುಗರಲ್ಲಿ ಮೊದಲು ಕ್ಷಮೆಯ ಅರಿಕೆ. ನನ್ನ ಕೈಬರಹ ಚೆನ್ನಾಗಿಲ್ಲ. ಶ, ಷ, ಸ ಈ ಮೂರರಲ್ಲಿ ಎಲ್ಲಿ ಯಾವುದು ಬರಬೇಕೆಂಬುದು ಸಾಲೆಯಲ್ಲಿದ್ದಾಗಲೂ ನನಗೆ ಗಟ್ಟಿಯಾಗಲಿಲ್ಲ, ಈಗಲೂ ಆಗಿಲ್ಲ. ಮೇಲಧಿಕಾರಿಗಳಿಗೆ ಕೆಲಸದ ನಿಮಿತ್ತ ಬರೆದ ಪತ್ರಗಳನ್ನು ಬಿಟ್ಟರೆ ನಾನು ಬೇರೆ ಏನನ್ನೂ ಬರೆದವಳಲ್ಲ. ಆದ್ದರಿಂದ ಈ ಬರಹ ನಡುನಡುವೆ ಅರ್ಜಿಯ ಹಾಗೆ ಕಂಡರೆ ದಯವಿಟ್ಟು ಮನ್ನಿಸಬೇಕು.

ಬರೆಯಲು ಕಾರಣವೇನೆಂದರೆ, ಇತ್ತೀಚೆಗೆ ಬಾಗಲಕೋಟೆಯಲ್ಲಿ ನಮಗೆಲ್ಲ ಒಂದು ತರಬೇತಿ ನಡೆಯಿತು. ಅಲ್ಲಿ ಮಾತಾಡಿದ ಮಕ್ಕಳ ಡಾಕ್ಟರರು, “ಹುಟ್ಟಿನಿಂದ ಬಂದ ಯಕೃತ್ತಿನ ಕಾಯಿಲೆಯ ಮಕ್ಕಳನ್ನು ನಾವು ವಾರ್ಡಿನಲ್ಲಿ ನೋಡುತ್ತೇವೆ, ಮನೆಗೆ ಕಳಿಸುತ್ತೇವೆ. ಆಮೇಲೆ ವರ್ಷಗಟ್ಟಲೆ ಅವರಿಗೆ ಏನಾಗುತ್ತದೆ ಎಂಬುದು ನಮಗೆ ತಿಳಿಯುವುದೇ ಇಲ್ಲ. ಕಂಡವರು ಯಾರಾದರೂ ಬರೆದಿಡಬೇಕು” ಎಂದರು. ಅಂಥ ಒಂದು ಮಗುವನ್ನು ನಾನು ಕಂಡಿದ್ದೇನೆ. ಆದಕಾರಣ ಈ ಕೆಳಗಿನ ಸಂಗತಿಯನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಆಗ ನಾನು ಇಳಕಲ್ಲಿನ ನೇಕಾರರ ಓಣಿಗಳನ್ನು ನೋಡಿಕೊಳ್ಳುವ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ಓಣಿಯ ಜನ ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದರು. ತುರ್ತು ಪರಿಸ್ಥಿತಿ ಬರುವುದಕ್ಕೆ ಸ್ವಲ್ಪ ಮುಂಚೆ ಒಬ್ಬ ಹೆಣ್ಣುಮಗಳು ವರ್ಷ ತುಂಬಿದ ಹೆಣ್ಣುಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು. ಹಿಂದೆ ಅವಳ ಅತ್ತೆ, ವಿಭೂತಿ ಹಚ್ಚಿದ, ಎತ್ತರದ, ಮಾತಿನಲ್ಲಿ ಯಾರಿಗೂ ಸೋಲದ ಮುದುಕಿ.

“ಅಕ್ಕಾರ, ಕೂಸಿಗೆ ಕಜ್ಜಿ ಎದ್ದಾವ್ರಿ. ಒಂದ ಗಳಿಗಿ ಕೈ ಸುಮ್ಮನ ಇರಂಗಿಲ್ಲ” ಎಂದಳು ತಾಯಿ.

ಆ ದಿನಗಳಲ್ಲಿ ಓಣಿಯಲ್ಲಿ ಕಜ್ಜಿ ಬಹಳವಿತ್ತು. ಕ್ರಮದ ಪ್ರಕಾರ ಮನೆಮಂದಿಗೆಲ್ಲ ಬಿಳಿಯ ಲೋಶನ್ ಕೊಟ್ಟು, ಕುತ್ತಿಗೆಯಿಂದ ಕೆಳಗೆ ಮೈತುಂಬ ಹಚ್ಚಿಕೊಳ್ಳಬೇಕು, ಬಟ್ಟೆಗಳನ್ನು ಕುದಿಸಿ ಒಣಗಿಸಬೇಕು ಎಂದು ತಿಳಿಸಿದೆ. ಎರಡನೆಯ ಸಲವೂ ಕೊಟ್ಟೆ. ಮೂರನೆಯ ಸಲ ಮುದುಕಿ ಒಬ್ಬಳೇ ಬಂದಳು.

“ಅಕ್ಕಾರ, ನಿಮ್ಮ ಔಷಧ ಭಾಳ ಚಲೋ ಐತ್ರಿ. ನಮಗ್ಯಾರಿಗೂ ಕಜ್ಜಿ ಇರಲಿಲ್ಲ, ಈಗೂ ಇಲ್ಲ. ಇದ್ದ ಕೂಸ ಮಾತ್ರ ಹಾಂಗ ಕೆರಕೋತೈತಿ.”

ಈ ಮಾತು ನನಗೆ ತಾಗಿತು. ಅಂದೇ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಕುಣಿಮಗ್ಗ, ಅದರ ಪಕ್ಕದಲ್ಲಿ ಮಾಡು ಹೊತ್ತ ಒಂದು ಕಟ್ಟಿಗೆಯ ಕಂಬ. ಮಗುವಿನ ತಂದೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಆರೇಳು ವರ್ಷದ ಹಿರಿಯ ಮಗಳು ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಅವಳು ಆರೋಗ್ಯವಾಗಿದ್ದಳು. ಕೂಸನ್ನು ಬೆಳಕಿಗೆ ಹಿಡಿದು ನೋಡಿದೆ. ಬೆರಳ ಸಂದುಗಳಲ್ಲಿ ಕಜ್ಜಿಯ ಗುರುತಿಲ್ಲ. ಕೆರೆದ ಗಾಯಗಳು ಮಾತ್ರ ಇವೆ. ಉಗುರುಗಳು ಕೆರೆದು ಕೆರೆದು ಹಿತ್ತಾಳೆ ತಿಕ್ಕಿದಂತೆ ಹೊಳೆಯುತ್ತಿದ್ದವು. ಕಣ್ಣಿನ ಬಿಳಿಯಲ್ಲಿ ತಿಳಿ ಹಳದಿ. ತೊಟ್ಟಿಲ ಅರಿವೆಯ ಮೇಲೆ ಮೂತ್ರದ ಹಳದಿ ಕಲೆ, ಮಲ ಮಾತ್ರ ಜೋಳದ ಹಿಟ್ಟು ಕಲಸಿದ ಬಣ್ಣ. ಪಕ್ಕೆಯ ಕೆಳಗೆ ಕೈಯಿಟ್ಟರೆ ಯಕೃತ್ತು ಗಟ್ಟಿಯಾಗಿ ಸಿಗುತ್ತಿತ್ತು.

“ಇದು ಕಜ್ಜಿ ಅಲ್ಲ, ಕಾಮಣಿ” ಎಂದೆ.

“ಅದು ನಮಗ ಗೊತ್ತೈತ್ರಿ” ಎಂದಳು ಮುದುಕಿ. “ಹುಟ್ಟಿ ಮೂರು ತಿಂಗಳಿಗೆ ಬಂದೈತಿ. ಕಾಮಣಿಗೆ ನಾವು ಪಥ್ಯ ಮಾಡಾಕತ್ತೇವಿ. ಕಜ್ಜಿಗೆ ಅಂತ ನಿಮ್ಮ ಕಡೆ ಬಂದಿದ್ವಿ.”

ಪಥ್ಯ ಏನೆಂದು ಕೇಳಿದೆ. ಎಣ್ಣೆ, ಬೆಣ್ಣೆ, ತುಪ್ಪ ಮೂರೂ ಬಂದ್. ತಾಯಿಯ ಹಾಲು ಸಹ ಕಡಿಮೆ ಮಾಡಿ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ನಮ್ಮ ಕಡೆ ಕಾಮಣಿಗೆ, ಅಂದರೆ ಕಾಮಾಲೆಗೆ, ಎಲ್ಲರೂ ಮಾಡುವ ಪಥ್ಯವೇ. ಈ ಕೂಸಿಗಿಂತ ಮುಂಚೆ ಹುಟ್ಟಿದ ಇಬ್ಬರು ಗಂಡುಮಕ್ಕಳಿಗೂ ಅದನ್ನೇ ಮಾಡಿದ್ದರು. ಅವರು ಎಲ್ಲಿ ಎಂದು ಕೇಳಿದಾಗ ಮಗ್ಗದ ಸದ್ದು ನಿಂತಿತು.

“ಹಿರ್ಯಾಂವಗ ಮೂಗಿನಾಗ ರಕ್ತ ಬಿತ್ತು, ನಿಲ್ಲಲಿಲ್ಲ. ಕಿರ್ಯಾಂವ ಹೊಸ್ತಲಾ ಎಡವಿ ಬಿದ್ದ. ಇಷ್ಟ ಎತ್ತರದಿಂದ. ತಲಿ ಊದಿತು, ಹೋದ” ಎಂದ ತಂದೆ. “ಎರಡೂ ಹೆಜ್ಜಿ ಹಾಕೋ ವಯಸ್ಸಿನ್ಯಾಗ ಹೋದುವ್ರಿ. ಇದು ಈಗ ಹೆಜ್ಜಿ ಹಾಕಾಕತ್ತೈತಿ.”

ಆ ಮನೆಯವರು ಕೇಳುತ್ತಿದ್ದದ್ದು ತುರಿಕೆಗೆ ಔಷಧ. ಅವರು ಹೆದರಿದ್ದು ಮಾತ್ರ ಈ ಹೆಜ್ಜೆಗೆ. ಅದು ನನಗೆ ಆ ಹೊತ್ತಿನಲ್ಲಿ ತಿಳಿಯಿತು.

ಹುನಗುಂದದ ತಾಲೂಕು ಡಾಕ್ಟರರು ನೋಡಿ, ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಚೀಟಿ ಬರೆದರು. ಸದರಿ ಮನೆಯವರಿಗೆ ಆ ಊರು ಹೊಸದಾದ್ದರಿಂದ ನಾನೂ ರಜೆ ಹಾಕಿ ಜೊತೆಗೆ ಹೋದೆ. ಬಾಗಲಕೋಟೆಯಲ್ಲಿ ರೈಲು ಹತ್ತಿ, ಬಾದಾಮಿ, ಗದಗ ದಾಟಿ ಹುಬ್ಬಳ್ಳಿ. ದಾರಿಯುದ್ದಕ್ಕೂ ಕೂಸು ತಾಯಿಯ ತೊಡೆಯ ಮೇಲೆ ಬೆನ್ನು ಉಜ್ಜುತ್ತಲೇ ಇತ್ತು.

ಅಲ್ಲಿನ ಮಕ್ಕಳ ಡಾಕ್ಟರರು ಕರಾವಳಿ ಕಡೆಯವರು, ಬಹಳ ಸಮಾಧಾನಿಗಳು. ಪಿತ್ತ ಯಕೃತ್ತಿನಿಂದ ಕರುಳಿಗೆ ಇಳಿಯುತ್ತಿಲ್ಲ, ದಾರಿ ಎಲ್ಲೋ ಕಟ್ಟಿಕೊಂಡಿರಬಹುದು, ಹೊಟ್ಟೆ ಕೊಯ್ದು ನೋಡಬೇಕಾದೀತು ಎಂದು ಹೇಳಿ ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಬರೆಯಲು ಕುಳಿತಿದ್ದರು. ನಾನು ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವರು ತಾಯಿಯನ್ನು ವಿಚಾರಿಸಿ ಮುಗಿಸಿದ್ದರು. ಎರಡು ಗಂಡುಮಕ್ಕಳು ಹೋದದ್ದನ್ನು ಅವಳು ಹೇಳಿದ್ದಳು. ಜ್ವರ ಬಂದು ಹೋದವೋ ಏನೋ ಎಂದು ಅವರು ತಿಳಿದಿದ್ದರು. ಉಳಿದದ್ದನ್ನು ಖಚಿತ ಮಾಡಿಕೊಳ್ಳಲೆಂದು ನನ್ನ ಎದುರಿಗೆ ಇನ್ನೊಮ್ಮೆ ಕೇಳಿದರು.

“ನಿಮ್ಮದು ರಕ್ತಸಂಬಂಧದಲ್ಲಿ ಆದ ಮದುವೆ ಅಲ್ಲ, ಅಲ್ಲವೇನಮ್ಮ?”

“ಛೇ, ಅಂಥಾದ್ದು ನಮ್ಮೊಳಗ ಇಲ್ರಿ” ಎಂದಳು ತಾಯಿ, ಸೆರಗು ಎಳೆದುಕೊಂಡು. “ನಮ್ಮ ಬೆಡಗ ಬ್ಯಾರೆ, ಅವರ ಬೆಡಗ ಬ್ಯಾರೆ.”

ನಾನು ಬಾದಾಮಿಯವಳು, ಬೆಡಗು ಎಂದರೆ ಏನೆಂದು ನನಗೆ ಹೇಳಬೇಕಾಗಿರಲಿಲ್ಲ. ಒಂದೇ ಬೆಡಗಿನವರು ತಂದೆಯ ಕಡೆಯಿಂದ ಅಣ್ಣತಂಗಿ ಇದ್ದ ಹಾಗೆ, ಅವರಲ್ಲಿ ಮದುವೆ ಇಲ್ಲ. ಅವಳ ಪಾಲಿಗೆ ರಕ್ತಸಂಬಂಧ ಎಂದರೆ ಅದು. ಡಾಕ್ಟರರು ಅವಳನ್ನು ಕೇಳಬಾರದ್ದನ್ನು ಕೇಳಿದಂತಾಗಿತ್ತು.

“ಸಾಹೇಬರ, ಆಕಿ ಗಂಡ ಆಕಿಗೆ ಸೋದರಮಾವ ಆಗಬೇಕ್ರಿ. ಆಕಿ ತಾಯಿಯ ಖಾಸ ತಮ್ಮ” ಎಂದೆ.

ಡಾಕ್ಟರರು ಬರೆಯುವುದನ್ನು ನಿಲ್ಲಿಸಿದರು. “ಹಾಗಾದರೆ ಇವರ ಅತ್ತೆ?”

“ನಾನ ಆಕಿಗೆ ಅತ್ತಿ, ನಾನ ಆಕಿಗೆ ಆಯಿ” ಎಂದಳು ಬಾಗಿಲಲ್ಲಿ ನಿಂತಿದ್ದ ಮುದುಕಿ. “ಮಗಳ ಮಗಳನ್ನ ಮಗಗ ತಂದಕೊಂಡೇನಿ. ಹೊರಗಿನವರ ಮನಿಗೆ ಹೋಗಿ ಅತ್ತಿ ಕೈಯಾಗ ಬೈಸಿಕೊಳ್ಳೂ ಬದ್ಲಿ, ಆಯಿ ಕೈಯಾಗ ಬೈಸಿಕೊಳ್ಳಲಿ ಅಂತ.”

“ಅದೇ ರಕ್ತಸಂಬಂಧ ಅಲ್ಲವೇ ಅಜ್ಜಿ?”

“ಅದು ಕಳ್ಳಬಳ್ಳಿರಿ. ರಕ್ತ ಬ್ಯಾರೆ, ಕಳ್ಳಬಳ್ಳಿ ಬ್ಯಾರೆ.”

ತಾಯಿಯ ಕಡೆಯ ನಂಟಿಗೆ, ಕರುಳಬಳ್ಳಿಗೆ, ನಮ್ಮಲ್ಲಿ ಕಳ್ಳಬಳ್ಳಿ ಎನ್ನುತ್ತಾರೆ. ಡಾಕ್ಟರರು ನಗಲಿಲ್ಲ. ಆಮೇಲೆ ಆ ಇಬ್ಬರು ಗಂಡುಮಕ್ಕಳ ವಿಷಯವನ್ನು ಮೊದಲಿನಿಂದ ಕೇಳಿದರು: ಅವರಿಗೂ ತುರಿಕೆ ಇತ್ತೇ, ಮಲದ ಬಣ್ಣ ಹೇಗಿತ್ತು, ರಕ್ತ ಹೇಗೆ ಬಿತ್ತು. ಎಲ್ಲವೂ ಒಂದೇ ಆಗಿತ್ತು. ಹೊಟ್ಟೆ ಕೊಯ್ಯುವ ಚೀಟಿಯನ್ನು ಹರಿದು ಹಾಕಿದರು. ಕೆಲವು ದಿನ ವಾರ್ಡಿನಲ್ಲಿ ಇಟ್ಟುಕೊಂಡು, ಮೊದಲು ರಕ್ತ ಹೆಪ್ಪುಗಟ್ಟುವ ಹಾಗೆ ಮಾಡಿ, ಸೂಜಿಯಿಂದ ಯಕೃತ್ತಿನ ಚೂರು ತೆಗೆದು ಪರೀಕ್ಷಿಸಿದರು. ದಾರಿ ಕಟ್ಟಿರಲಿಲ್ಲ. ಯಕೃತ್ತಿನ ಜೀವಕೋಶಗಳಿಗೇ ಪಿತ್ತವನ್ನು ಹೊರಗೆ ಹಾಕಲು ಬರುತ್ತಿರಲಿಲ್ಲ. ತಾಯಿ ತಂದೆ ಇಬ್ಬರಲ್ಲೂ ಮರೆಯಾಗಿದ್ದ ದೋಷ ಮಗುವಿನಲ್ಲಿ ಕೂಡಿಕೊಂಡು ಬಂದ ಕಾಯಿಲೆ ಎಂದು ತಿಳಿಸಿದರು.

ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಹೀಗಿದೆ: “ಇದಕ್ಕೆ ನನ್ನಲ್ಲಿ ಔಷಧ ಇಲ್ಲ ಸಿಸ್ಟರ್. ಯಕೃತ್ತು ನಿಧಾನವಾಗಿ ಗಟ್ಟಿಯಾಗುತ್ತ ಹೋಗುತ್ತದೆ. ಆದರೆ ಆ ಗಂಡುಮಕ್ಕಳು ಯಕೃತ್ತು ಕೆಟ್ಟು ಸತ್ತದ್ದಲ್ಲ, ರಕ್ತ ನಿಲ್ಲದೆ ಸತ್ತದ್ದು. ಪಿತ್ತ ಇಲ್ಲದೆ ಕೊಬ್ಬು ಜೀರ್ಣವಾಗದು. ಕೊಬ್ಬಿಲ್ಲದೆ ಕೆ ಜೀವಸತ್ವ ಮೈಗೆ ಹತ್ತದು. ಅದಿಲ್ಲದೆ ರಕ್ತ ಹೆಪ್ಪುಗಟ್ಟದು. ತಿಂಗಳಿಗೊಮ್ಮೆ ಕೆ ಚುಚ್ಚುಮದ್ದು ತಪ್ಪದೆ ಬಿದ್ದರೆ ಇವಳು ಬದುಕುವಷ್ಟು ದಿನ ಬದುಕುತ್ತಾಳೆ. ಅದು ನಿಮ್ಮ ಕೈಯಲ್ಲಿದೆ.”

ಎಲುಬು ಗಟ್ಟಿಯಾಗಲು ಡಿ ಚುಚ್ಚುಮದ್ದು, ಕಣ್ಣಿಗಾಗಿ ಕುಡಿಸುವ ಎ ದ್ರಾವಣ, ತುರಿಕೆಗೆ ಫಿಟ್ಸ್ ರೋಗಿಗಳಿಗೆ ಕೊಡುವ ಗುಳಿಗೆಯ ಕಾಲುಭಾಗ, ಇವನ್ನು ಬರೆದುಕೊಟ್ಟರು. ಕೊನೆಗೆ ಊಟದ ವಿಷಯ. ಪಥ್ಯ ಬಿಡಬೇಕು, ಪಿತ್ತದ ಸಹಾಯವಿಲ್ಲದೆಯೂ ಹೆಚ್ಚಿನ ಪಾಲು ಜೀರ್ಣವಾಗುವ ಕೊಬ್ಬು ತೆಂಗಿನೆಣ್ಣೆಯಲ್ಲಿದೆ, ಅದರಲ್ಲೇ ಅಡಿಗೆ ಮಾಡಿ ತಿನ್ನಿಸಿ ಎಂದರು.

ನಮ್ಮ ಕಡೆ ಅಡಿಗೆಗೆ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ. ತೆಂಗಿನೆಣ್ಣೆ ಸಿಗುವುದು ತಲೆಗೆ ಹಚ್ಚಿಕೊಳ್ಳಲು, ಸಣ್ಣ ಶೀಸೆಗಳಲ್ಲಿ.

ರೈಲಿನಲ್ಲಿ ಗದಗ ದಾಟಿದ ಮೇಲೆ ಮುದುಕಿ ಕೇಳಿದಳು. “ಅಕ್ಕಾರ, ಆ ಡಾಕ್ಟರಗ ತಲಿ ಯಾವುದು ಹೊಟ್ಟಿ ಯಾವುದು ಅಂತ ಬರೋಬ್ಬರಿ ಗೊತ್ತೈತೇನ್ರಿ?”

“ಅವರ ಊರಾಗ ಅದನ್ನ ತಿಂತಾರ ಆಯಿ.”

“ಅದಕ್ಕ ಅವರಿಗೆ ಕೂದಲ ಕಡಿಮಿ. ಎಲ್ಲಾ ಒಳಗ ಹಾಕತಾರ.”

ತಾಯಿ ಆ ಪ್ರಯಾಣದಲ್ಲಿ ಮೊದಲ ಬಾರಿ ನಕ್ಕಳು. ನಾನೂ ನಕ್ಕೆ. ಆದರೆ ಊರಿಗೆ ಬಂದ ಮೇಲೆ ಮುದುಕಿ ಎಣ್ಣೆಯ ಶೀಸೆಯನ್ನು ದೇವರ ಗೂಡಿನಲ್ಲಿಟ್ಟಳು, ಒಲೆಯ ಹತ್ತಿರ ತರಲಿಲ್ಲ. ನಾನು ಒಂದು ದಿನ ಅವರ ಮನೆಯಲ್ಲಿಯೇ ಕುಳಿತು, ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಹಾಕಿಸಿ, ಅವರ ಕಣ್ಣೆದುರು ಅನ್ನ ಕಲಸಿಕೊಂಡು ತಿಂದೆ. ವಾಸನೆ ನನಗೂ ಹಿಡಿಸಲಿಲ್ಲ ಎಂಬುದನ್ನು ಇಲ್ಲಿ ನಮೂದಿಸುತ್ತೇನೆ. ಮುಖದಲ್ಲಿ ತೋರಿಸಲಿಲ್ಲ.

ತಿಂಗಳಿಗೊಮ್ಮೆ ಚುಚ್ಚುಮದ್ದನ್ನು ನಾನೇ ಹಾಕುತ್ತ ಬಂದೆ. ಕೂಸು ಹೆಜ್ಜೆ ಹಾಕಿತು, ಬಿತ್ತು, ಮತ್ತೆ ಎದ್ದಿತು. ತಲೆ ಊದಲಿಲ್ಲ. ಅಣ್ಣಂದಿರ ವಯಸ್ಸನ್ನು ದಾಟಿತು. ತುರಿಕೆ ಮಾತ್ರ ಗುಳಿಗೆಗೆ ಸ್ವಲ್ಪ ತಗ್ಗಿತೇ ಹೊರತು ಬಿಡಲಿಲ್ಲ. ಮಲಗುವಾಗ ಕೆರೆದು ಗಾಯ ಮಾಡಿಕೊಳ್ಳುತ್ತಿದ್ದುದರಿಂದ, ಎರಡು ಅರಿವೆಯ ಚೀಲ ಹೊಲಿಸಿ ಕೈಗಳಿಗೆ ತೊಡಿಸಿ ಮಣಿಕಟ್ಟಿಗೆ ಕಟ್ಟಲು ಹೇಳಿದೆ. ತಾಯಿ ಮಗ್ಗದಲ್ಲಿ ಉಳಿದ ಸೀರೆಯ ತುಂಡಿನಿಂದ ಹೊಲಿದಳು, ಕಟ್ಟಲು ಕೆಂಪು ದಡಿ ಹಚ್ಚಿದಳು.

ಅಷ್ಟರಲ್ಲಿ ತುರ್ತು ಪರಿಸ್ಥಿತಿ ಬಂತು. ಆರೋಗ್ಯದ ಸಿಬ್ಬಂದಿಯನ್ನೆಲ್ಲ ಕುಟುಂಬ ಯೋಜನೆಯ ಆಪರೇಶನ್ ಶಿಬಿರಗಳಿಗೆ ಕಳಿಸಿದರು. ನನ್ನನ್ನು ಬಾದಾಮಿಯ ಕಡೆ ಹಾಕಿದರು. ಯಾವಾಗ ಹಿಂದಿರುಗುವುದೆಂದು ಹೇಳುವವರಿರಲಿಲ್ಲ. ಸದರಿ ಮಗುವಿನ ಚುಚ್ಚುಮದ್ದಿನ ವಿಷಯವನ್ನು ನನ್ನ ಜಾಗಕ್ಕೆ ಬರಬೇಕಾದವರಿಗೆ ಬರೆದಿಟ್ಟು ಹೋದೆ. ನನ್ನ ಜಾಗಕ್ಕೆ ಯಾರೂ ಬರಲಿಲ್ಲ; ಅವರೂ ಶಿಬಿರದಲ್ಲಿದ್ದರು. ಉಪಕೇಂದ್ರಕ್ಕೆ ಕೀಲಿ ಬಿತ್ತು. ತಾಯಿ ಕೂಸನ್ನು ಎತ್ತಿಕೊಂಡು ಬಂದು ಬಂದು ಕೀಲಿ ನೋಡಿ ಹೋದಳಂತೆ. ಹುನಗುಂದದ ದವಾಖಾನೆಗೆ ಹೋಗೆಂದರೆ, ಒಳಗೆ ಹೋದವರನ್ನು ಹಿಡಿದು ಆಪರೇಶನ್ ಮಾಡುತ್ತಾರೆಂದು ಓಣಿಯವರು ಹೆದರಿಸಿದ್ದರು.

ನಾನು ಹಿಂದಿರುಗಿದ ದಿನ, ಕೀಲಿ ತೆಗೆಯುತ್ತಿರುವಾಗಲೇ ತಂದೆ ಓಡಿ ಬಂದ. “ಅಕ್ಕಾರ, ಲಗೂನ ಬರ್ರಿ. ರಕ್ತ.”

ಕೂಸಿನ ಹೊಟ್ಟೆಯ ಮೇಲೆ ಅಡ್ಡಡ್ಡ ಬರೆಗಳಿದ್ದವು. ಚುಚ್ಚುಮದ್ದು ತಪ್ಪಿದ ಆ ದಿನಗಳಲ್ಲೇ ಹಳದಿಯೂ ಏರಿತ್ತು. ಪಕ್ಕದ ಹಳ್ಳಿಯಲ್ಲಿ ಕಾಮಣಿಗೆ ಬರೆ ಹಾಕುವವನಿದ್ದ; ದಬ್ಬಣ ಕಾಯಿಸಿ ಎಳೆದಿದ್ದ. ಬೇರೆ ಮಕ್ಕಳಿಗೆ ಅದು ಸುಟ್ಟ ಗಾಯವಾಗಿ ಒಣಗುತ್ತದೆ. ಇವಳು ಬರೆಯನ್ನು ಕೆರೆದುಕೊಂಡಿದ್ದಳು, ಹೊಪ್ಪಳಿಕೆ ಕಿತ್ತು ರಕ್ತ ಒಸರುತ್ತಲೇ ಇತ್ತು. ಒಂದು ಅರಿವೆ ತೋಯ್ದು ಇನ್ನೊಂದು ಬದಲಿಸಿದ್ದರು. ಒಸಡಿನಲ್ಲೂ ರಕ್ತ. ನನ್ನ ಹತ್ತಿರವಿದ್ದ ಕೆ ಚುಚ್ಚುಮದ್ದನ್ನು ಕೊಟ್ಟೆ. ಅದು ಕೆಲಸ ಮಾಡಲು ಹೊತ್ತು ಬೇಕು. ಬಸ್ ಹಿಡಿದೆವು.

ಇಳಕಲ್ಲಿನಿಂದ ಹುನಗುಂದ, ಅಲ್ಲಿಂದ ಕಮತಗಿ, ಬಾಗಲಕೋಟೆ. ಬಸ್ಸು ಪ್ರತಿಯೊಂದು ಹಳ್ಳಿಯಲ್ಲೂ ನಿಂತಿತು. ನಾನು ಗಾಯದ ಮೇಲೆ ಒತ್ತಿ ಹಿಡಿದ ಕೈ ತೆಗೆಯಲಿಲ್ಲ. ಮುದುಕಿ ಎದುರಿನ ಸೀಟಿನಲ್ಲಿ ಕೂಸಿನ ಪಾದ ಹಿಡಿದು ಕುಳಿತಿದ್ದಳು. ಕಮತಗಿಯಲ್ಲಿ ಅವಳು ಬಾಯಿ ಬಿಟ್ಟಳು. “ಬರಿ ಹಾಕೂಮುಂದೂ ಹಿಂಗ ಕಾಲ ನಾನ ಹಿಡಕೊಂಡಿದ್ದೆ.” ಕೀಲಿ ಹಾಕಿದ ಬಾಗಿಲ ಮುಂದೆ ನಿಂತವರಿಗೆ ಬೇರೆ ಯಾವ ಬಾಗಿಲು ತೆರೆದಿತ್ತು?

ಬಾಗಲಕೋಟೆಯ ದವಾಖಾನೆಯಲ್ಲಿ ತಂದೆಯ ರಕ್ತ ಹೊಂದಿತು, ಅದನ್ನು ಕೊಟ್ಟರು. ಮರುದಿನ ಒಸರುವುದು ನಿಂತಿತು. ಕೂಸು ಕಣ್ಣು ತೆರೆದು ಮೊದಲು ಮಾಡಿದ ಕೆಲಸ ಕೆರೆದುಕೊಳ್ಳುವುದು. ತಾಯಿ ಅದನ್ನು ನೋಡಿ ಅತ್ತಳು. ಸಂತೋಷದಿಂದಲೋ ಬೇರೆ ಕಾರಣದಿಂದಲೋ ನಾನು ಕೇಳಲಿಲ್ಲ.

ಆಗ ನಾನು ಒಂದು ನಿರ್ಧಾರಕ್ಕೆ ಬಂದೆ. ನನ್ನ ಬದಲಿಗೆ ಯಾರೂ ಇಲ್ಲದಿದ್ದರೂ ತಪ್ಪದಂತೆ, ಚುಚ್ಚುಮದ್ದು ಹಾಕುವುದನ್ನು ತಾಯಿಗೇ ಕಲಿಸುವುದು. ಇದು ನಿಯಮಕ್ಕೆ ವಿರುದ್ಧ. ತರಬೇತಿ ಇಲ್ಲದವರ ಕೈಗೆ ಸಿರಿಂಜು ಕೊಡಕೂಡದೆಂದು ನಮಗೆ ಮೊದಲ ವಾರದಲ್ಲೇ ಹೇಳಿರುತ್ತಾರೆ. ಹುನಗುಂದಕ್ಕೆ ಹೋಗಿ ತಾಲೂಕು ಡಾಕ್ಟರರಲ್ಲಿ ಅನುಮತಿ ಕೋರಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು, “ಬರದು ಕೊಡಾಂಗಿಲ್ಲವ್ವಾ. ಕೊಟ್ಟರ ನನ್ನ ನೌಕರಿ ಹೋಗತೈತಿ. ಆದರ ನೇಕಾರ ಓಣ್ಯಾಗ ಯಾರ ಮನಿಯೊಳಗ ಏನ ನಡೀತೈತಿ ಅಂತ ನೋಡಾಕ ನನಗ ಕಣ್ಣು ಭಾಳ ಮಂದ.” ಆಮೇಲೆ ಒಂದು ಗಾಜಿನ ಸಿರಿಂಜು, ಸೂಜಿಗಳು, ಮುಚ್ಚಳವಿದ್ದ ಸ್ಟೀಲ್ ಡಬ್ಬಿ ಮೇಜಿನ ಮೇಲಿಟ್ಟು ಎದ್ದು ಹೋದರು.

ಎಳೆ ಕಡಿದರೆ ಕಣ್ಣು ಮುಚ್ಚಿ ಗಂಟು ಹಾಕುವ ತಾಯಿಯ ಕೈ ಸೂಜಿಗೆ ಹೆದರುತ್ತಿತ್ತು. ಮೊದಲು ಬದನೆಕಾಯಿಗೆ ಚುಚ್ಚಿ ಕಲಿಯುವುದೆಂದು ಕೂತೆವು. ನೀರು ತುಂಬುವುದು, ಗಾಳಿ ಹೊರಗೆ ಬಿಡುವುದು, ನೇರ ಚುಚ್ಚುವುದು, ಸ್ವಲ್ಪ ಹಿಂದೆಳೆದು ರಕ್ತ ಬರುತ್ತಿಲ್ಲವೆಂದು ನೋಡಿ ಒತ್ತುವುದು.

ಮುದುಕಿ ಒಲೆಯ ಹತ್ತಿರದಿಂದ ನೋಡುತ್ತಿದ್ದಳು. “ಹಂಗ ಚುಚ್ಚಿರ್ರಿ. ಸಂಜಿಗೆ ಎಣಗಾಯಿ ಮಾಡೂಮುಂದ ಮಸಾಲಿನೂ ಅದರಾಗ ತುಂಬಾಕ ಬರತೈತೇನು?”

ಸಿರಿಂಜನ್ನು ಎಷ್ಟು ಕುದಿಸಬೇಕೆಂದು ತಾಯಿಗೆ ಹೇಳುವಾಗ ಮುದುಕಿ ಎದ್ದು ಬಂದಳು. ಕುದಿಯುವ ನೀರಿನಲ್ಲಿ ಸೂಜಿ ಡಬ್ಬಿಯ ತಳಕ್ಕೆ ಬಡಿದು ಸದ್ದು ಮಾಡುತ್ತಿತ್ತು. ಅದನ್ನು ನೋಡುತ್ತ ನಿಂತಳು.

“ಸೂಜಿ ಎರಡೂ ಕಡೆ ಒಂದ ನೋಡ್ರಿ” ಎಂದಳು. “ಕಾಸಿ ಹಾಕಿದರ ಬರಿ, ಕುದಿಸಿ ಹಾಕಿದರ ಔಷಧ. ಇದು ಮದ್ಲ ಯಾರೂ ಹೇಳಲಿಲ್ಲಲ್ಲ ನನಗ.”

ಅಂದಿನಿಂದ ಕುದಿಸುವ ಕೆಲಸ ಅವಳದು. ತಾಯಿ ತೊಡೆಯ ಹೊರಬದಿಗೆ ಚುಚ್ಚುತ್ತಿದ್ದಳು, ನಂತರ ಮುದುಕಿ ಹತ್ತಿ ಇಟ್ಟು ಒತ್ತಿ ಹಿಡಿಯುತ್ತಿದ್ದಳು. ಎಷ್ಟು ಹೊತ್ತು ಒತ್ತಬೇಕೆಂದು ನಾನು ಗಡಿಯಾರದ ಲೆಕ್ಕ ಹೇಳಿದೆ. ಆ ಮನೆಯಲ್ಲಿ ಗಡಿಯಾರವಿರಲಿಲ್ಲ. ಅವಳು ದೊಡ್ಡದೊಂದು ವಚನವನ್ನು ಎರಡು ಸಲ ಹೇಳಿ ಕೈ ತೆಗೆಯುವುದೆಂದು ಗೊತ್ತುಮಾಡಿದಳು. ನಾನು ಕೈಗಡಿಯಾರ ನೋಡಿದೆ, ಸರಿಹೋಗುತ್ತಿತ್ತು.

ಹೀಗೆ ವರ್ಷಗಳು ನಡೆದವು. ಆಮೇಲೆ ಏನಾಗುತ್ತದೆಂದು ತಿಳಿಯಬಯಸುವವರ ಗಮನಕ್ಕೆ ಇಷ್ಟನ್ನು ತರಬಯಸುತ್ತೇನೆ. ಮಗು ಉದ್ದ ಬೆಳೆಯಲಿಲ್ಲ. ಡಿ ಚುಚ್ಚುಮದ್ದು ಕೊಟ್ಟರೂ ಕಾಲುಗಳು ಸ್ವಲ್ಪ ಬಾಗಿದವು. ಹೊಟ್ಟೆ ದೊಡ್ಡದು, ಕೈಕಾಲು ಸಣ್ಣ. ಚರ್ಮ ದಪ್ಪವಾಗಿ ಕಪ್ಪುಗಟ್ಟಿತು. ಬುದ್ಧಿ ಮಾತ್ರ ಚುರುಕು. ಫಿಟ್ಸ್ ಗುಳಿಗೆ ತಿನ್ನುವುದರಿಂದ ಅವಳಿಗೆ ಮೂರ್ಛೆರೋಗವಿದೆ ಎಂದು ಓಣಿಯಲ್ಲಿ ಸುದ್ದಿಯಾಗಿ ಸಾಲೆಯಲ್ಲಿ ಬದಿಗೆ ಕೂಡಿಸುತ್ತಿದ್ದರು. ಹುಡುಗರು ‘ಅರಿಷಿಣ ಗೊಂಬಿ’ ಎಂದು ಕಾಡಿದಾಗ ಅವಳು ಕೊಟ್ಟ ಉತ್ತರ ಓಣಿಯಲ್ಲಿ ಈಗಲೂ ಹೇಳುತ್ತಾರೆ: “ನಾ ಮದುಮಗಳು ಅದೇನ್ಲೇ. ನಿಮಗ ಒಂದ ದಿನ ಹಚ್ಚತಾರ, ನನಗ ದಿನಾ.”

ಒಮ್ಮೆ ನನ್ನನ್ನೂ ಬಿಡಲಿಲ್ಲ. “ಅಕ್ಕಾರ, ನನ್ನ ಬೆನ್ನಾಗ ಇರಿವಿ ಅದಾವು. ನೀವು ನೋಡಿ ನೋಡಿ ಇಲ್ಲ ಅಂತೀರಿ. ನಿಮಗ ಕನ್ನಡಕ ಬೇಕೇನ್ರಿ?”

ಅವಳಿಗೆ ಬೆನ್ನು ಮುಟ್ಟದು. ಅದಕ್ಕಾಗಿ ಮಗ್ಗದ ಪಕ್ಕದ ಆ ಕಂಬಕ್ಕೆ ಬೆನ್ನು ಹಚ್ಚಿ ಉಜ್ಜುತ್ತಿದ್ದಳು. ತಂದೆ ನೇಯುತ್ತ ನೇಯುತ್ತ ಅವಳೊಡನೆ ಮಾತಾಡುತ್ತಿದ್ದ. ಮಗ್ಗ ಬಡಿಯುವ ಸದ್ದಿಗೆ ಸರಿಯಾಗಿ ಅವಳು ಉಜ್ಜುತ್ತಿದ್ದಳು.

ಈ ನಡುವೆ ಹಿರಿಯ ಮಗಳು ದೊಡ್ಡವಳಾದಳು. ಅವಳನ್ನು ತಾಯಿಯ ತಮ್ಮನಿಗೆ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ತಾಯಿಯ ತವರಿನವರು ಕೇಳಲು ಬಂದರು. ಡಾಕ್ಟರರು ಹೇಳಿದ್ದನ್ನು ನಾನು ಆ ಮನೆಯಲ್ಲಿ ಹಲವು ಸಲ ವಿವರಿಸಿದ್ದೆ, ಆ ದಿನ ನಾನು ಅಲ್ಲಿರಲಿಲ್ಲ. ಉತ್ತರ ಕೊಟ್ಟದ್ದು ಮುದುಕಿ, ಸ್ವಂತ ಮಗಳ ಮುಂದೆ, ಅಂದರೆ ಆ ವರನ ತಾಯಿಯ ಮುಂದೆ.

“ಕೊಡಾಂಗಿಲ್ಲ. ಕಳ್ಳಬಳ್ಳಿ ಹರಕೊಂಡೆ ಅಂತ ಅನ್ನು ಬೇಕಾದರ. ಈ ಬಳ್ಳಿಯೊಳಗ ಏನ ಹರೀತೈತಿ ಅಂತ ಆ ಕಂಬಕ್ಕ ಕೇಳು.”

ಮಗಳು ಎದ್ದು ಹೋದವಳು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಹಿರಿಯ ಹುಡುಗಿಯನ್ನು ಮುಂದೆ ಹುನಗುಂದದ ಕಡೆ ಹೊರಗಿನವರಿಗೆ ಕೊಟ್ಟರು.

ಎಂಬತ್ತರ ನಂತರ ನಾಲ್ಕಾರು ವರ್ಷಕ್ಕೆ, ಮಗು ಹತ್ತು ದಾಟಿದ ಮೇಲೆ, ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಹಗಲಲ್ಲೂ ಮಂಪರು. ಹುಬ್ಬಳ್ಳಿಗೆ ಕರೆದೊಯ್ದೆವು. ಮೊದಲಿನ ಡಾಕ್ಟರರ ಕೂದಲು ಬಿಳಿಯಾಗಿತ್ತು. ಹಿಂದಿನದೆಲ್ಲವನ್ನೂ ನೆನಪಿಟ್ಟಿದ್ದರು. ಹೊರದೇಶಗಳಲ್ಲಿ ಯಕೃತ್ತನ್ನೇ ಬದಲಿಸಲು ಶುರುಮಾಡಿದ್ದಾರೆ, ಇಲ್ಲಿ ಇನ್ನೂ ಇಲ್ಲ ಎಂದರು. ಅನ್ನನಾಳದ ಒಳಗೆ ರಕ್ತನಾಳಗಳು ಉಬ್ಬಿವೆ, ಒಡೆದರೆ ಕಷ್ಟ ಎಂದೂ ಹೇಳಿದರು. ಅವರಿಗೆ ಹೇಳಲು ಉಳಿದದ್ದು ಅಷ್ಟೇ.

ಊರಿಗೆ ಬಂದ ಮೇಲೆ ನಾನು ಎಂದಿನಂತೆ ಕೈಚೀಲಗಳನ್ನು ಬಿಗಿಯಾಗಿ ಕಟ್ಟಲು ನೆನಪಿಸಿದೆ. ಗಾಯವಾದರೆ ಕೀವಾಗುತ್ತದೆ, ಈಗ ಅದನ್ನು ತಡೆಯುವ ಶಕ್ತಿ ಅವಳಿಗಿಲ್ಲ ಎಂದೆ. ತಾಯಿ ಚೀಲಗಳನ್ನು ಕೈಯಲ್ಲಿ ಹಿಡಿದು, ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಮಗು ಬೆಳೆದಂತೆ ಎಷ್ಟೋ ಜೊತೆ ಹೊಲಿದಿದ್ದಳು. ಎಲ್ಲಕ್ಕೂ ಕೆಂಪು ದಡಿ.

“ಇನ್ನ ಕಟ್ಟೂದು ಬ್ಯಾಡ್ರಿ ಅಕ್ಕಾರ. ನಾ ಕಟ್ಟಂಗಿಲ್ಲ. ಹುಟ್ಟಿದಾಗಿಂದ ಆಕಿ ಕೇಳಿದ್ದು ಅದೊಂದ. ಕೆರಕೊಳ್ಳಾಕರ ಬಿಡೂಣು.”

ಕಲಿಸಿದವಳು ನಾನು, ತಡೆಯಬೇಕಾಗಿತ್ತು. ತಡೆಯಲಿಲ್ಲ. ಅಂದು ಮಗು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ತೋಳನ್ನು ನಿಧಾನವಾಗಿ, ಅವಸರವಿಲ್ಲದೆ ಕೆರೆದುಕೊಂಡು ಮಲಗಿತು.

ಅದಾದ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ ನನಗೆ ಕರೆ ಬಂತು. ಹೋಗುವಷ್ಟರಲ್ಲಿ ಮಗು ರಕ್ತ ಕಾರಿಕೊಂಡಿತ್ತು. ಒಲೆಯ ಮೇಲೆ ಡಬ್ಬಿ ಇನ್ನೂ ಕುದಿಯುತ್ತಿತ್ತು. ತಾಯಿಯ ಕೈಯಲ್ಲಿ ಖಾಲಿ ಸಿರಿಂಜು ಇತ್ತು. ಮುದುಕಿ ತೊಡೆಯ ಮೇಲೆ ಹತ್ತಿ ಒತ್ತಿ ಹಿಡಿದು ವಚನ ಹೇಳುತ್ತಿದ್ದಳು, ಎರಡು ಸಲವಲ್ಲ, ಬಿಡದೆ.

“ಹಾಕೇನ್ರಿ ಅಕ್ಕಾರ. ನೀವು ಹೇಳಿದಂಗ ಹಾಕೇನಿ. ನಿಲ್ಲವಲ್ದು” ಎಂದಳು ತಾಯಿ.

ಅದು ಕೆ ಚುಚ್ಚುಮದ್ದಿಗೆ ನಿಲ್ಲುವ ರಕ್ತವಲ್ಲ ಎಂದು ನನಗೆ ಗೊತ್ತಿತ್ತು. “ಬರೋಬ್ಬರಿ ಹಾಕಿಯವ್ವ” ಎಂದಷ್ಟೇ ಹೇಳಿದೆ. ಬಸ್ಸಿನ ಹೊತ್ತಿಗೆ ಮುಂಚೆಯೇ ಮುಗಿಯಿತು. ತಾಯಿಯ ತವರಿನಿಂದ ಯಾರೂ ಮಣ್ಣಿಗೆ ಬರಲಿಲ್ಲ.

ಕೆಲವು ತಿಂಗಳ ನಂತರ ನನಗೆ ಬಾದಾಮಿಗೆ ವರ್ಗವಾಯಿತು. ಹೇಳಿ ಹೋಗಲೆಂದು ಆ ಮನೆಗೆ ಹೋದೆ. ತಾಯಿ ಸ್ಟೀಲ್ ಡಬ್ಬಿಯನ್ನು ಬೂದಿ ಹಚ್ಚಿ ಬೆಳಗಿ ನನ್ನ ಕೈಗೆ ಕೊಟ್ಟಳು. ಮಗ್ಗದ ಪಕ್ಕದ ಕಂಬದಲ್ಲಿ ಒಂದು ಜಾಗ ಉಜ್ಜಿ ಉಜ್ಜಿ ಕನ್ನಡಿಯಂತೆ ನುಣ್ಣಗಾಗಿತ್ತು. ಮಕ್ಕಳು ಬೆಳೆದಂತೆ ಆ ಗುರುತು ಮೇಲೇರುತ್ತ ಹೋಗಬೇಕು. ಅದು ನನ್ನ ಸೊಂಟದ ಕೆಳಗೇ ಶುರುವಾಗಿ ಸೊಂಟದ ಕೆಳಗೇ ಮುಗಿದಿತ್ತು. ಮನೆಯವರು ಅದರ ಮೇಲೆ ಏನನ್ನೂ ತೂಗುಹಾಕಿರಲಿಲ್ಲ. ತಂದೆ ನೇಯುವಾಗ ಆ ಕಡೆ ನೋಡುತ್ತಿರಲಿಲ್ಲ.

ಮೇಲ್ಕಂಡ ಸಂಗತಿಯನ್ನು ನನಗೆ ತಿಳಿದ ಮಟ್ಟಿಗೆ ಬರೆದಿದ್ದೇನೆ. ಅಕ್ಷರಗಳ ತಪ್ಪುಗಳನ್ನು ಓದುಗರು ದಯವಿಟ್ಟು ತಿದ್ದಿಕೊಳ್ಳಬೇಕು. ಇವಲ್ಲದೆ ಇನ್ನೂ ಕೆಲವು ಇರಬಹುದು: ಎಣ್ಣೆಯಲ್ಲಿ, ಗುಳಿಗೆಯಲ್ಲಿ, ಅಷ್ಟು ವರ್ಷ ಕೈ ಕಟ್ಟಿಸಿದ್ದರಲ್ಲಿ, ಕೊನೆಗೆ ಬಿಚ್ಚಲು ಬಿಟ್ಟಿದ್ದರಲ್ಲಿ. ಅವು ನನಗೆ ಕಾಣುತ್ತಿಲ್ಲ. ಮುಂದೆ ಬಲ್ಲವರು ಯಾರಾದರೂ ಇದನ್ನು ಓದಿದರೆ ಅವನ್ನೂ ತಿದ್ದಿ, ಪಕ್ಕದಲ್ಲಿ ಸ್ಪಷ್ಟವಾಗಿ ಬರೆಯಬೇಕಾಗಿ ಕೋರುತ್ತೇನೆ. ಅಂಥ ಮಗು ಇನ್ನೊಂದು ಮನೆಯಲ್ಲಿ ಹೆಜ್ಜೆ ಹಾಕುತ್ತಿರಬಹುದು.